ಕಬ್ಬಿಣದ ಸಾಸಿವೆ

ರಿಗ್ಗೈ, ಕುವೈತ್
10 ಅಕ್ಟೋಬರ್ 2025, ಶುಕ್ರವಾರ

ಪ್ರೀತಿಯ ಮೋರಿಸ್ ಸರ್,

ಇಲ್ಲಿ ನಾನು, ಪುಷ್ಪಾವತಿ, ಮಗಳು ಅಕ್ಷಯಾ ಮೂವರೂ ಸೌಖ್ಯ. ಸೌಖ್ಯವಿಲ್ಲದ್ದು ಕುಲುಮೆಗೆ ಮಾತ್ರ.

ಈ ಪತ್ರದ ಜೊತೆ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಪು ಕಲ್ಲು ನಿಮಗೆ ತಲುಪುತ್ತದೆ. ತರುವವನು ಇಬ್ರಾಹಿಂ ಖಲೀಲ್. ಶುವೈಖಿನಲ್ಲಿ ನಮ್ಮ ಶೆಡ್ಡಿನ ಎದುರು ಸ್ಪಾನರು, ಬೇರಿಂಗು ಮಾರುತ್ತಾನೆ. ಮನೆ ಮಂಗಳೂರಿನ ಬಂದರಿನಲ್ಲಿ. ಆಗಾಗ ಊರಿಗೆ ಹಾರುತ್ತಾನೆ, ಅರ್ಧ ಶುವೈಖಿನ ಸಾಮಾನು ಅವನ ಪೆಟ್ಟಿಗೆಯಲ್ಲೇ ಹಾರುತ್ತದೆ. ಅಂಗಡಿಯ ಹಳದಿ ಒರೆಸುಬಟ್ಟೆಯಲ್ಲಿ ಸುತ್ತದೆ ಏನನ್ನೂ ಒಯ್ಯುವವನಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀರಾ? ಕಲ್ಲು ವಾಟ್ಸಾಪಿನಲ್ಲಿ ಹೋಗುವುದಿಲ್ಲ, ನೀವು ವಾಟ್ಸಾಪಿಗೆ ಬರುವುದಿಲ್ಲ. "ಹೇಳಿದ್ದು ಗಾಳಿಗೆ, ಬರೆದದ್ದು ಫೈಲಿಗೆ" ಎಂದು ಕಲಿಸಿದವರು ನೀವೇ.

ನನ್ನ ವೀಸಾದ ಧಣಿ, ಕಫೀಲ್ ಅಬೂ ಫಹದ್ ಆಫ್ರಿಕಾದಿಂದ ನಲವತ್ತು ಟನ್ ಅದಿರು ತರಿಸಿದ್ದಾರೆ. ಅದಿರು ಕಂಡು ನಾನು ಅದಿರಿದೆ ಸರ್! ಕಬ್ಬಿಣದ ಜೊತೆ ಟೈಟಾನಿಯಂ, ಅದರ ಮಗ್ಗುಲಲ್ಲಿ ವನೇಡಿಯಂ. ಪೂರಾ ಕೂಡುಕುಟುಂಬ. ದೊಡ್ಡ ಉಕ್ಕಿನ ಕಾರ್ಖಾನೆಗಳು ಇದನ್ನು ಮೂಸಿಯೂ ನೋಡುವುದಿಲ್ಲ. ಟೈಟಾನಿಯಂ ಟೈಟಾಗಿ ಕೂತರೆ ಕಿಟ್ಟ ಗಟ್ಟಿಯಾಗಿ ಕುಲುಮೆಯ ಗಂಟಲು ಕಟ್ಟುತ್ತದಲ್ಲ, ಅದಕ್ಕೆ. ನಮ್ಮದು ಸಣ್ಣ ವಿದ್ಯುತ್ ಕುಲುಮೆ, ಸ್ವಲ್ಪ ಮುದ್ದು ಮಾಡಿದರೆ ಮಾತು ಕೇಳುತ್ತದೆ. ಅದಿರಿಗೆ ಕೋಕ್ ಇದ್ದಿಲು ಬೆರೆಸಿ ಕರಗಿಸಿದರೆ ಕಬ್ಬಿಣವು ವನೇಡಿಯಮ್ಮಿನ ಕೈ ಹಿಡಿದುಕೊಂಡು ತಳಕ್ಕಿಳಿಯಬೇಕು, ಟೈಟಾನಿಯಂ ಕಿಟ್ಟದೊಂದಿಗೆ ಮೇಲೆ ತೇಲಬೇಕು. ಆಮೇಲೆ ಗಂಡಹೆಂಡಿರನ್ನು ಬಿಡಿಸುವುದು ನನಗೆ ಬಿಡಿ. ವನೇಡಿಯಂ ಎಂದರೆ ವನದಲ್ಲಿ ಸಿಗುವ ಏಡಿಯಲ್ಲ ಎಂದು ಪುಷ್ಪಾವತಿಗೆ ಹೇಳಿ ಸಾಕಾಯಿತು. ಖಲೀಲನ ಅಂಗಡಿಯ ಒಳ್ಳೆಯ ಸ್ಪಾನರುಗಳ ಬೆನ್ನ ಮೇಲೆಲ್ಲ ಅದರ ಹೆಸರಿದೆ. ಬಿಸಿಲಿನ ಕರೆಂಟನ್ನು ಕೂಡಿಡುವ ದೊಡ್ಡ ಬ್ಯಾಟರಿಗೂ ಅದೇ ಬೇಕು. ಇಲ್ಲಿ ಬಿಸಿಲಿಗೇನು ಬರವೇ?

ಅಬೂ ಫಹದ್ ನನಗೆ ಮೂರು ಹೀಟ್ ಕೊಟ್ಟಿದ್ದಾರೆ. ಮೂರು ಸಲ ಕರಗಿಸಬಹುದು, ಅಷ್ಟೆ. ಅದಿರಿನಲ್ಲಿರುವ ನೂರು ಪಾಲು ವನೇಡಿಯಮ್ಮಿನಲ್ಲಿ ಎಪ್ಪತ್ತೈದು ಪಾಲು ಕಬ್ಬಿಣಕ್ಕೆ ಬಂದರೆ ದೊಡ್ಡ ಕುಲುಮೆ ಕಟ್ಟಿಸುತ್ತಾರೆ. ಬಾರದಿದ್ದರೆ ಇರುವ ಕುಲುಮೆಯೂ ಗುಜರಿಗೆ. ಖಲಾಸ್.

ಮೊದಲ ಹೀಟ್ ಮುಗಿಯಿತು. ಕಬ್ಬಿಣದಲ್ಲಿ ಅರವತ್ತೊಂದು, ಕಿಟ್ಟದಲ್ಲಿ ಹದಿನೈದು. ಉಳಿದ ಇಪ್ಪತ್ತನಾಲ್ಕು ಎಲ್ಲಿ? ಕಬ್ಬಿಣವೂ ಸ್ವಲ್ಪ ಕಮ್ಮಿಯೇ ಬಂತು, ಕುಲುಮೆಯ ತಳದಲ್ಲಿ ಸೀದು ಅಂಟಿರಬೇಕು. ಲ್ಯಾಬಿನ ಶಬ್ನಾ ಮೂರು ಸಲ ಪರೀಕ್ಷೆ ಮಾಡಿದಳು. ಉಪ್ಪಿನಂಗಡಿಯವರ ಮಗಳು, ಹುಟ್ಟಿದ್ದು ಇಲ್ಲೇ, ಕೈ ಬಹಳ ಶುದ್ಧ. ಕಿಟ್ಟದ ಮಾದರಿ ತಯಾರಿಸುವುದು ನಮ್ಮ ಹಳೆಯ ಕಾರ್ಖಾನೆಯ ನಿಮ್ಮದೇ ನಿಯಮದಂತೆ: ಅರೆದ ಮೇಲೆ "ಮೊದಲು ಅಯಸ್ಕಾಂತ, ಆಮೇಲೆ ತಕ್ಕಡಿ". ಕ್ರಷರಿನ ದವಡೆಯಿಂದ ಉದುರಿದ ಕಬ್ಬಿಣ ಪುಡಿಗೆ ಸೇರಬಾರದೆಂದು ನೀವು ಗೋಡೆಯ ಮೇಲೆ ಹಾಕಿಸಿದ್ದಿರಲ್ಲ, ಆ ಬೋರ್ಡನ್ನು ಇಲ್ಲಿಯ ಗೋಡೆಗೂ ಬರೆಸಿದ್ದೇನೆ. ಇಲ್ಲಿಯ ಕ್ರಷರಂತೂ ತನ್ನ ಹಲ್ಲನ್ನು ತಾನೇ ತಿನ್ನುತ್ತಿದೆ. ಅಯಸ್ಕಾಂತಕ್ಕೆ ಪ್ರತಿ ಸಲವೂ ಮುಷ್ಟಿ ತುಂಬ ಹತ್ತುತ್ತದೆ. ಹೊಸ ದವಡೆಗೆ ಬರೆದು ಹಾಕಿದ್ದೇನೆ.

ಕಿಟ್ಟದ ಒಡೆದ ಮುಖ ನೋಡಿ ಕುಲುಮೆಯ ಜಾತಕ ಹೇಳುತ್ತಿದ್ದವರು ನೀವು. ಕಳಿಸಿರುವ ಕಲ್ಲು ಈ ಹೀಟಿನ ಕಿಟ್ಟವೇ, ಒಮ್ಮೆ ನೋಡಿ ಬರೆಯಿರಿ. ನನಗೇನೂ ಗಡಿಬಿಡಿಯಿಲ್ಲ, ಬರೀ ಕುತೂಹಲ.

ನಿಮ್ಮ ಶಿಷ್ಯ,
ಸದಾನಂದ

(ಸರ್, ನಾನು ಪುಷ್ಪಾವತಿ. ಇವರು ಪೆಟ್ಟಿಗೆ ತೂಕ ಮಾಡಲು ಹೋದಾಗ ಬರೆಯುತ್ತಿದ್ದೇನೆ. ಗಡಿಬಿಡಿ ಇಲ್ಲ ಅನ್ನುವುದು ಸುಳ್ಳು. ಕುಲುಮೆ ಹೋದರೆ ಇವರ ಕೆಲಸವೂ ಹೋಗುತ್ತದೆ. ಇಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ, ಇಕಾಮಾ, ಜನವರಿಗೆ ಮುಗಿಯುವುದು. ಅಕ್ಷಯಾಳಿಗೆ ಇದು ಹನ್ನೆರಡನೆಯ ಕ್ಲಾಸು, ನಡುವಿನಲ್ಲಿ ಎಬ್ಬಿಸಿಕೊಂಡು ಹೊರಡುವುದು ಹೇಗೆ? ನಾನು ಬರೆದೆ ಅಂತ ಇವರಿಗೆ ಹೇಳಬೇಡಿ.)

—

ಮಂಗಳೂರು
19 ಅಕ್ಟೋಬರ್ 2025

ಪ್ರಿಯ ಸದಾ,

ಅಕ್ಷರ ಕಾರ್ಮೆಲಳದ್ದು, ಬುದ್ಧಿ ನನ್ನದು. ನನ್ನ ಬೆರಳಿಗೆ ಗಂಟುನೋವು ಮಾರಾಯ, ಪೆನ್ನು ಹಿಡಿಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಇದರಲ್ಲಿ ಕಾಗುಣಿತ ಸರಿ ಇರುತ್ತದೆ.

ಕಲ್ಲು ತಲುಪಿತು. ಸುತ್ತಿಗೆಯಿಂದ ಒಡೆದು ಅಂಗಳದ ಬಿಸಿಲಿನಲ್ಲಿ ನೋಡಿದೆ. ಕಪ್ಪು ಬಣ್ಣ, ಗಾಜಿನಂಥ ಹೊಳಪು, ಒಳಗೆ ಚುಕ್ಕಿ ಗಿಕ್ಕಿ ಏನೂ ಇಲ್ಲ. ಶುದ್ಧ ಕಿಟ್ಟ. ಇದರಿಂದ ತಿಳಿಯುವುದೇನೆಂದರೆ ನಿನ್ನ ವನೇಡಿಯಂ ಕೋಕ್ ಸಾಲದೆ ಕಿಟ್ಟದಲ್ಲೇ ಕರಗಿ ಕೂತಿದೆ. ನಿಮ್ಮ ಲ್ಯಾಬು ಅದನ್ನು ಕಮ್ಮಿ ತೋರಿಸುತ್ತಿರಬೇಕು. ಎರಡನೆಯ ಹೀಟಿಗೆ ಕೋಕ್ ಜಾಸ್ತಿ ಮಾಡು. ಒಂದು ಗಂಟೆ ಹೆಚ್ಚು ಕಾಯಿಸು. ಕಾದವನಿಗೆ ಕಬ್ಬಿಣ.

ಗಡಿಬಿಡಿ ಇಲ್ಲವೆಂದು ಬರೆದೆಯಲ್ಲ, ಒಳ್ಳೆಯದು. ನನಗೂ ಇಲ್ಲ. ಆದರೂ ಕಲ್ಲು ತಲುಪಿದ ದಿನವೇ ಬರೆಸಿದ್ದೇನೆ.

ದೇವರು ಒಳ್ಳೆಯದು ಮಾಡಲಿ.
ಮೋರಿಸ್

—

ರಿಗ್ಗೈ
7 ನವೆಂಬರ್ 2025

ಮೋರಿಸ್ ಸರ್,

ಕಾದೆ. ಕುಲುಮೆ ಕಾದಿತು, ಜೊತೆಗೆ ನಾನೂ ಕಾದೆ. ಈಗ ಅಬೂ ಫಹದ್ ಕಾದಿದ್ದಾರೆ!

ನೀವು ಹೇಳಿದಂತೆ ಕೋಕ್ ಹಾಕಿದೆ, ಗಂಟೆ ಹೆಚ್ಚಿಸಿದೆ. ಕುಲುಮೆಯ ಬಾಯಿ ಒಡೆದಾಗ ನೀರುದೋಸೆಯ ಹಿಟ್ಟಿನಂತೆ ಹರಿಯಬೇಕಾದ ಕಿಟ್ಟ ಕಾಯಿಸಿದ ರಾಗಿಮಣ್ಣಿಯಂತೆ ಮಂದವಾಗಿ ಬಂತು. ಮಣ್ಣಿಯನ್ನಾದರೂ ತಟ್ಟೆಗೆ ಸುರಿಯಬಹುದು. ಇದು ಒಂದು ಗೇಣು ಮುಂದೆ ಬಂದು, ನಮ್ಮ ಮುಖ ನೋಡಿ, ಅಲ್ಲೇ ನಿಂತಿತು. "ಯಲ್ಲಾ! ಯಲ್ಲಾ!" ಎಂದು ಆರು ಜನ ಕಬ್ಬಿಣದ ಸಲಾಕೆ ಹಿಡಿದು ಹೆರಿಗೆ ಮಾಡಿಸಿದೆವು. ಕೂಸು ಬಂತು, ತೂಕ ಕಮ್ಮಿ. ಕಬ್ಬಿಣದಲ್ಲಿ ವನೇಡಿಯಂ ನಲವತ್ತೆಂಟು, ಕಿಟ್ಟದಲ್ಲಿ ಹದಿಮೂರು. ಕಾಣೆಯಾದವರು ಮೂವತ್ತೊಂಬತ್ತು! ಇಷ್ಟು ಜನ ಒಟ್ಟಿಗೆ ಕಾಣೆಯಾದರೆ ಪೊಲೀಸಿಗಾದರೂ ಹೇಳಬಹುದು.

ಅಬೂ ಫಹದ್ ಬೈಯಲಿಲ್ಲ. ಅರಬಿ ಕಾಫಿ, ಗಾವಾ ಕುಡಿಸಿದರು. ಆಮೇಲೆ ಒಂದು ಬೆರಳೆತ್ತಿ "ಬಾಕಿ ವಾಹದ್, ಸದಾನಂದ" ಅಂದರು. ಉಳಿದದ್ದು ಒಂದು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ದವಡೆ ಬಂದು ಕೂತಿದೆ. ಅದೂ ಸವೆಯುತ್ತಿದೆ ಸರ್, ಮೊದಲಿನದಕ್ಕಿಂತ ಜೋರಾಗಿ! ಅಯಸ್ಕಾಂತಕ್ಕೆ ಈಗ ಎರಡು ಮುಷ್ಟಿ ಹತ್ತುತ್ತದೆ. ಮನೆಯಲ್ಲಿ ಗೊಣಗಿದರೆ ಅಕ್ಷಯಾ ಪುಸ್ತಕದಿಂದ ತಲೆ ಎತ್ತದೆ "ಪಪ್ಪಾ, ಮೇಬಿ ಯು ನೀಡ್ ಅ ಡೆಂಟಿಸ್ಟ್" ಅಂದಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಅಪ್ಪ ಅರ್ಥವಾಗುವುದಿಲ್ಲ.

ಎರಡನೆಯ ಹೀಟಿನ ಕಲ್ಲನ್ನು ಖಲೀಲನ ಕೈಗೆ ಕೊಟ್ಟಿದ್ದೇನೆ. ಕೊನೆಯ ಹೀಟ್ ಡಿಸೆಂಬರ್ ಮೂರಕ್ಕೆ. ಈ ಸಲ ಸ್ವಲ್ಪ ಬೇಗ ನೋಡಿ. ಗಡಿಬಿಡಿ ಇಲ್ಲ.

ಸದಾನಂದ

—

ಮಂಗಳೂರು
14 ನವೆಂಬರ್ 2025

ಸದಾ,

ಖಲೀಲ್ ಹಳದಿ ಗಂಟು ಕೊಟ್ಟು ಹೋದ. ಕೈಗೆ ತೆಗೆದುಕೊಂಡವನೇ ಕುರ್ಚಿಯಲ್ಲಿ ಕೂತುಬಿಟ್ಟೆ. ನಿನ್ನ ಕಿಟ್ಟ ಇದೇನು ಇಷ್ಟು ಭಾರ! ಮೊದಲಿನದು ಕಿಟ್ಟನ ತೂಕವಿತ್ತು, ಇದು ಅವನ ಮಾವ ಕಂಸನ ತೂಕ. ಸುತ್ತಿಗೆ ತಾಗಿಸಿದರೆ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಒಡೆಯುತ್ತದೆ. ಕಬ್ಬಿಣದ ಕಿಟ್ಟ ಹೀಗೆ ಒಡೆದದ್ದನ್ನು ಮೂವತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಇದರಲ್ಲಿ ಸೀಸ ಉಂಟು!

ಕುಲುಮೆಗೆ ಯಾರಾದರೂ ಹಳೇ ಬ್ಯಾಟರಿ ಹಾಕಿದರಾ? ಶುವೈಖ್ ಅಂದರೆ ಗ್ಯಾರೇಜುಗಳ ಊರಲ್ವಾ? ಕೂಡಲೇ ನೋಡು. ಸೀಸದ ಹೊಗೆ ಕುಡಿಯಬೇಡ.

ಮೋರಿಸ್

—

ರಿಗ್ಗೈ
20 ನವೆಂಬರ್ 2025

ಸರ್,

ನಿಮ್ಮ ಪತ್ರ ಓದಿ ಹಾರಿಬಿದ್ದೆ. ಎರಡು ದಿನ ಶೆಡ್ಡಿನ ಗುಜರಿ ರಾಶಿಯನ್ನೆಲ್ಲ ಬೋರಲು ಹಾಕಿದೆವು. ಸಿಕ್ಕಿದ್ದು ಯಾರದೋ ಟಿಫಿನ್ ಕ್ಯಾರಿಯರು, ಮೂರು ಎಡಗಾಲಿನ ಚಪ್ಪಲಿ ಮತ್ತು 2019ರಲ್ಲಿ ಕಳೆದುಹೋದ ನನ್ನ ಕನ್ನಡಕ. ಬ್ಯಾಟರಿ ಇಲ್ಲ. ಶಬ್ನಾ ಕಿಟ್ಟವನ್ನು ಪುನಃ ಪರೀಕ್ಷಿಸಿ ಚೀಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. "ಲೆಡ್ ನಿಲ್, ಸರ್. ನಿಲ್ ಅಂದ್ರೆ ನಿಲ್. ನಿಮ್ಮ ಸರ್‌ಗೆ ಹೇಳಿ."

ಹೇಳಿದ್ದೇನೆ. ನೀವು ನೋಡಿದ್ದು ನಾನು ಕಳಿಸಿದ ಕಲ್ಲೇ ತಾನೆ? ಖಲೀಲನ ಭಾವ ಇವತ್ತು ಸಂಜೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಉಳಿದಿರುವುದು ಹದಿಮೂರು ದಿನ ಸರ್. ಈಗ ನಿಜ ಹೇಳುತ್ತೇನೆ. ಗಡಿಬಿಡಿ ಉಂಟು.

ಸದಾನಂದ

—

ಮಂಗಳೂರು
23 ನವೆಂಬರ್ 2025

ಪ್ರಿಯ ಸದಾ,

ಕೂತುಕೊಂಡು ಓದು. ಕಾರ್ಮೆಲ್ ಬರೆಯುತ್ತಾ ನಗುತ್ತಿದ್ದಾಳೆ, ಅಕ್ಷರ ಅಲುಗಾಡಿದರೆ ಅದು ನನ್ನ ವಯಸ್ಸಲ್ಲ.

ನಿನ್ನೆ ಬೆಳಿಗ್ಗೆ ನಿನ್ನ ಪತ್ರ ಬಂತು. ಅದರ ಹಿಂದೆಯೇ ಆಟೋದಲ್ಲಿ ಖಲೀಲನ ತಾಯಿ ಮರಿಯಮ್ ಬೀವಿ ಬಂದಿಳಿದರು. ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದು ಕೈ ಸೊಂಟದ ಮೇಲೆ.

"ಎಂತ ಮಾಸ್ಟ್ರೇ, ನನ್ನ ಸುರ್ಮಾದ ಕಲ್ಲು ನಿಮ್ಮ ಹತ್ರ ಉಂಟಾ?"

ವಿಷಯ ಇಷ್ಟು. ಕಣ್ಣಿಗೆ ಹಚ್ಚುವ ಸುರ್ಮಾಕ್ಕೆಂದು ಯಾರೋ ಮದೀನಾದಿಂದ ಕಲ್ಲು ತಂದು ಖಲೀಲನಿಗೆ ಕೊಟ್ಟಿದ್ದಾರೆ. ಅದನ್ನೂ ಆ ಪುಣ್ಯಾತ್ಮ ಹಳದಿ ಒರೆಸುಬಟ್ಟೆಯಲ್ಲೇ ಸುತ್ತಿದ. ಎರಡು ಹಳದಿ ಗಂಟು, ಎರಡು ಕಪ್ಪು ಕಲ್ಲು. ತಾಯಿಯದು ನನಗೆ ಬಂತು, ನನ್ನದು ತಾಯಿಗೆ ಹೋಯಿತು. ಸುರ್ಮಾದ ಕಲ್ಲೆಂದರೆ ಸೀಸದ ಅದಿರು, ಭಾರ ಇರದೆ ಮತ್ತೇನು! ನಿನ್ನ ಗುಜರಿ ರಾಶಿಯ ಹತ್ತಿರ ಕ್ಷಮೆ ಕೇಳುತ್ತೇನೆ.

"ನಿಮ್ಮ ಕಲ್ಲು ಕಲ್ಲಾ ಅದು?" ಬೀವಿ ಡಬ್ಬಿಯ ಮುಚ್ಚಳ ತೆಗೆದರು. "ಎರಡು ದಿನ ಅಮ್ಮಿಕಲ್ಲಿನಲ್ಲಿ ಅರೆದೆ. ರಟ್ಟೆ ಬಿದ್ದುಹೋಯಿತು. ಮಲ್ಲಿನ ಬಟ್ಟೆಯಲ್ಲಿ ಸೋಸಿದರೆ ಪುಡಿ ಕೆಳಗೆ ಹೋಗ್ತದೆ, ಮೇಲೆ ಸಾಸಿವೆ ಉಳೀತದೆ. ಕಬ್ಬಿಣದ ಸಾಸಿವೆ! ಇದನ್ನು ಕಣ್ಣಿಗೆ ಹಾಕಲಿಕ್ಕಾ, ಒಗ್ಗರಣೆಗೆ ಹಾಕಲಿಕ್ಕಾ?"

ನಾನು ಡಬ್ಬಿಯೊಳಗೆ ಬೆರಳಿಟ್ಟೆ. ದುಂಡಗಿನ ಕಾಳುಗಳು ಸದಾ. ನುಣ್ಣಗೆ, ದುಂಡಗೆ, ನೂರಾರು! ಕಾರ್ಮೆಲ್ ಫ್ರಿಜ್ಜಿನ ಬಾಗಿಲಿನಿಂದ ವೇಳಾಂಕಣಿ ಮಾತೆಯ ಅಯಸ್ಕಾಂತವನ್ನು ಕಿತ್ತು ತಂದಳು. ಮಾತೆಯ ಹತ್ತಿರ ಕ್ಷಮೆ ಕೇಳಿ ಡಬ್ಬಿಯ ಮೇಲೆ ಹಿಡಿದೆವು. ಟಕ ಟಕ ಟಕ ಎಂದು ಎಲ್ಲ ಹಾರಿ ಕೂತವು.

ಆಗ ನಿನ್ನ ದವಡೆಯ ನೆನಪಾಯಿತು. ಅಯಸ್ಕಾಂತಕ್ಕೆ ಹತ್ತುವ ಕಬ್ಬಿಣ ಕ್ರಷರಿನ ದವಡೆಯದ್ದು ಅಂತ ನೀನು ಬರೆದದ್ದಲ್ವಾ? ಅಮ್ಮಿಕಲ್ಲಿಗೆ ದವಡೆ ಎಲ್ಲುಂಟು ಮಾರಾಯ? ಅದು ಪೂರಾ ಕರಿಕಲ್ಲು! ಈ ಕಬ್ಬಿಣ ನಿನ್ನ ಕಿಟ್ಟದ ಒಳಗಿನದು. ಕಿಟ್ಟ ಮಣ್ಣಿಯಷ್ಟು ಗಟ್ಟಿಯಾದ್ದರಿಂದ ಕಬ್ಬಿಣದ ಹನಿಗಳು ತಳಕ್ಕಿಳಿಯಲಾರದೆ ಅಲ್ಲಲ್ಲೇ ಸಿಕ್ಕಿಕೊಂಡಿವೆ. ನಿನ್ನ ವನೇಡಿಯಂ ಅವುಗಳೊಳಗೆ ಕೂತಿದೆ. ಶಬ್ನಾ ಪರೀಕ್ಷೆ ಮಾಡುವ ಮೊದಲೇ ಅದನ್ನು ನೀವು ಅಯಸ್ಕಾಂತ ಹಿಡಿದು ಎತ್ತಿ ಬಿಸಾಡುತ್ತಿದ್ದೀರಿ. ಕಾಣೆಯಾದವರು ಕಸದ ಬುಟ್ಟಿಯಲ್ಲಿದ್ದಾರೆ!

ಆ ಬೋರ್ಡು ನನ್ನದೇ, ಒಪ್ಪಿದೆ. ಆದರೆ ಅದನ್ನು ನೇತುಹಾಕಿದ್ದು ಕೆಂಪು ಅದಿರಿನ ಮೇಜಿನ ಮೇಲೆ. ಕೆಂಪು ಅದಿರು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅಲ್ಲಿ ಅಂಟಿದ್ದೆಲ್ಲ ದವಡೆಯದೇ. ಕಿಟ್ಟದ ಮೇಜಿನ ಮೇಲೆ ಬೋರ್ಡಿರಲಿಲ್ಲ. ಗುರು ಹೇಳಿದ್ದನ್ನು ಗೋಡೆ ಸಮೇತ ನಕಲು ಮಾಡುವ ಶಿಷ್ಯ ಸಿಗುತ್ತಾನೆಂದು ಗೊತ್ತಿದ್ದರೆ "ಕೆಂಪು ಅದಿರಿಗೆ ಮಾತ್ರ" ಎಂದು ಕೆಳಗೆ ಬರೆಸುತ್ತಿದ್ದೆ.

ಇನ್ನು ನನ್ನ ತಪ್ಪು. ಬೀವಿಯವರಿಗೆ, ಸೀಸ ಕಣ್ಣಿಗೆ ಒಳ್ಳೆಯದಲ್ಲ, ಈ ಸುರ್ಮಾ ಹಚ್ಚಬೇಡಿ ಎಂದು ಉಪದೇಶ ಮಾಡಿದೆ. ಅವರು, "ನನಗೆ ಎಪ್ಪತ್ತೆರಡು, ಈಗಲೂ ಸೂಜಿಗೆ ನೂಲು ಪೋಣಿಸ್ತೇನೆ. ನೀವು ಆಗದಿಂದ ಬಾಗಿಲ ಕಡೆ ನೋಡಿ ಮಾತಾಡ್ತಾ ಇದ್ದೀರಿ ಮಾಸ್ಟ್ರೇ, ನಾನು ಕೂತದ್ದು ಕಿಟಕಿ ಹತ್ರ" ಅಂದರು.

ನನಗೆ ಗಂಟುನೋವಿಲ್ಲ ಸದಾ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ಹೆದರಿ ಒಂದೂವರೆ ವರ್ಷ ಮುಂದೂಡಿದೆ. ನಿನ್ನ ಮೊದಲ ಕಲ್ಲನ್ನು ನಾನು ನೋಡಲೇ ಇಲ್ಲ, ಬಿಸಿಲಿನಲ್ಲಿ ಹಿಡಿದೆ ಅಷ್ಟೆ. ಚುಕ್ಕಿ ಇಲ್ಲ ಎಂದದ್ದು ಕಿಟ್ಟವಲ್ಲ, ನನ್ನ ಕಣ್ಣು. ಅದರ ಮಾತು ಕೇಳಿ ನೀನು ಒಂದು ಹೀಟ್ ಕಳೆದುಕೊಂಡೆ. "ಕಾಣುವುದಿಲ್ಲ" ಎಂದು ಬರೆಯಬಹುದಿತ್ತು. ಆದರೆ ನಿನ್ನ ಇಕಾಮಾದ ವಿಷಯ ನನಗೆ ಮೊದಲ ಪತ್ರದಿಂದಲೇ ಗೊತ್ತು. ಹೇಗೆಂದು ಕೇಳಬೇಡ, ಹೆಂಡತಿಯನ್ನೂ ಕೇಳಬೇಡ. ಕೆಲಸ ಹೋಗುವ ಹೊತ್ತಿಗೆ ಶಿಷ್ಯ ಕೇಳಿದಾಗ ಉತ್ತರವಿಲ್ಲ ಅನ್ನಲು ಬಾಯಿ ಬರಲಿಲ್ಲ.

ಈಗ ಕೇಳು, ಇದು ಕಣ್ಣಿನ ಮಾತಲ್ಲ, ಬೆರಳಿನದ್ದು. ಮೊದಲ ಹೀಟಿಗಿಂತಲೂ ಕೋಕ್ ಕಮ್ಮಿ ಮಾಡು. ಕೊನೆಯ ಚೂರು ಕಬ್ಬಿಣವನ್ನೂ ಹಿಂಡಿ ತೆಗೆಯುವ ಆಸೆ ಬಿಡು, ಸ್ವಲ್ಪ ಕಿಟ್ಟಕ್ಕೂ ಇರಲಿ, ಅದರಿಂದಲೇ ಅದು ತೆಳ್ಳಗಾಗುವುದು. ಕೋಕ್ ಹೆಚ್ಚಾದರೆ ಟೈಟಾನಿಯಂ ಅದರ ಜೊತೆ ಕೂಡಿ ಗಟ್ಟಿಯಾಗುತ್ತದೆ. ಕಿಟ್ಟ ಸಲೀಸಾಗಿ ಹರಿಯಲು ಡಾಲಮೈಟ್ ಕಲ್ಲು ಸ್ವಲ್ಪ ಸೇರಿಸು. ಕರಗಿದ ಮೇಲೆ ಕಲಕಬೇಡ, ಅರ್ಧ ಗಂಟೆ ಬಿಡು, ಹನಿಗಳು ಇಳಿಯಲಿ.

ಖಲೀಲ್ ಇಪ್ಪತ್ತೈದಕ್ಕೆ ಹೊರಡುತ್ತಾನೆ. ಈ ಪತ್ರವನ್ನು ಹಳದಿ ಬಟ್ಟೆಯಲ್ಲಿ ಸುತ್ತಬೇಡವೆಂದು ಹೇಳಿದ್ದೇನೆ.

ಮೋರಿಸ್

—

ಶುವೈಖ್, ಶೆಡ್ಡಿನಿಂದಲೇ
5 ಡಿಸೆಂಬರ್ 2025

ಸರ್! ಸರ್! ಸರ್!

ಎಂಬತ್ತೊಂದು!

ಉಳಿದದ್ದು ಆಮೇಲೆ ಓದಿ, ಮೊದಲು ಕಾರ್ಮೆಲ್ ಆಂಟಿಗೆ ಹೇಳಿ ಆ ಸಂಖ್ಯೆಯನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಳ್ಳಿ.

ನಿಮ್ಮ ಪತ್ರ ಓದಿದ ಕೂಡಲೇ ಲ್ಯಾಬಿಗೆ ಓಡಿದೆ. ಶಬ್ನಾ ಅಯಸ್ಕಾಂತದ ಕಸವನ್ನು ಬಿಸಾಡಿರಲಿಲ್ಲ ಸರ್! ಹೀಟಿನ ನಂಬರು ಅಂಟಿಸಿ ಡಬ್ಬಿಯಲ್ಲಿಟ್ಟಿದ್ದಳು. ಯಾಕಮ್ಮ ಅಂದರೆ, "ದವಡೆ ಕಂಪನಿಯ ಮೇಲೆ ಕಂಪ್ಲೇಂಟ್ ಹಾಕ್ಲಿಕ್ಕೆ ಪ್ರೂಫ್ ಬೇಕಲ್ಲ ಸರ್" ಅಂದಳು. ಅದನ್ನೇ ಪರೀಕ್ಷಿಸಿದೆವು. ಮೊದಲ ಹೀಟಿನ ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಅಲ್ಲೇ ಕೂತಿದ್ದವು. ಎರಡು ಜೊತೆ ದವಡೆಗೆ ನಾನು ಸುಮ್ಮನೆ ಬೈದೆ. ಹೊಸ ದವಡೆಯ ಮೇಲೆ ಒಂದು ಗೀರೂ ಇಲ್ಲ. ಆ ಬೋರ್ಡಿನ ಕೆಳಗೆ ಅವಳೇ ಮಾರ್ಕರಿನಲ್ಲಿ "ಕೆಂಪು ಅದಿರಿಗೆ ಮಾತ್ರ" ಎಂದು ಬರೆದಳು. ಕನ್ನಡ ಅಕ್ಷರ ಸ್ವಲ್ಪ ಸೊಟ್ಟ, ಬುದ್ಧಿ ನೆಟ್ಟಗೆ.

ಮೂರನೆಯ ತಾರೀಕು ಅಬೂ ಫಹದ್ ಖುದ್ದಾಗಿ ಬಂದು ಕುರ್ಚಿ ಹಾಕಿಸಿ ಕೂತರು. ಕೋಕ್ ಕಮ್ಮಿ, ಡಾಲಮೈಟ್ ಜಾಸ್ತಿ. ಕರಗಿದ ಮೇಲೆ ಅರ್ಧ ಗಂಟೆ ಸುಮ್ಮನೆ ಬಿಡಿ ಎಂದು ಬರೆದಿದ್ದಿರಲ್ಲ, ಆ ಅರ್ಧ ಗಂಟೆ ನನ್ನ ಇಪ್ಪತ್ತೆರಡು ವರ್ಷದ ಕುವೈತಿಗಿಂತ ಉದ್ದ. ಅವರು ಗಡಿಯಾರ ನೋಡುವುದು, ನಾನು ಅವರನ್ನು ನೋಡುವುದು. "ಶಿನು ಹಾದಾ, ಇದೇನು ಸದಾನಂದ? ಕುಲುಮೆ ನಿದ್ದೆ ಮಾಡುತ್ತಿದೆಯಾ?" ಎಂದು ಅರಬಿಯಲ್ಲಿ ಕೇಳಿದರು. "ಸಾಸಿವೆ ಇಳಿಯುತ್ತಿದೆ ಬಾಬಾ" ಅಂದೆ. ಅವರಿಗೆ ಏನರ್ಥವಾಯಿತೋ, ತಲೆಯಾಡಿಸಿದರು.

ಬಾಯಿ ಒಡೆದೆವು. ಹರಿಯಿತು ಸರ್! ಸಲಾಕೆ ಬೇಕಾಗಲಿಲ್ಲ, ಯಲ್ಲಾ ಎನ್ನುವ ಮೊದಲೇ ಹರಿಯಿತು. ನೀರುದೋಸೆ! ಆರು ಜನ ಸಲಾಕೆ ಹಿಡಿದು ಕೆಲಸವಿಲ್ಲದೆ ನಿಂತದ್ದನ್ನು ನೋಡಿ ನನಗೆ ಅಳು ಬಂತು. ಹೊಗೆ ಎಂದೆ.

ಈಗಷ್ಟೇ ಶಬ್ನಾ ಚೀಟಿ ತಂದಳು, ರಜೆಯ ದಿನವೂ ಬಂದು ಮಾಡಿದ್ದು. ಕಬ್ಬಿಣದಲ್ಲಿ ಎಂಬತ್ತೊಂದು, ಕಿಟ್ಟದಲ್ಲಿ ಹದಿನೇಳು. ಕಾಣೆಯಾದವರು ಎರಡೇ, ಅವರು ದಾರಿ ಕೇಳಿಕೊಂಡು ಬರುತ್ತಾರೆ. ಅಬೂ ಫಹದ್ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಪಾಸ್‌ಪೋರ್ಟ್ ತಂದುಕೊಡು, ಎರಡು ವರ್ಷ" ಅಂದರು. ಪುಷ್ಪಾವತಿಗೆ ಫೋನು ಮಾಡಿದೆ. "ಇಕಾಮಾ ಆಯಿತು" ಅಂದೆ. "ಯಾವ ಇಕಾಮಾ? ನನಗೆ ಏನೂ ಗೊತ್ತಿಲ್ಲಪ್ಪ" ಅಂದಳು. ಆ ಗೊತ್ತಿಲ್ಲದವಳು ಆ ಕಡೆ ಅಳುತ್ತಿದ್ದಳು. ಅಕ್ಷಯಾ ಫೋನು ಕಸಿದುಕೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ ಪೂರಾ ಕನ್ನಡದಲ್ಲಿ "ಪಪ್ಪಾ, ನಿಮ್ಮ ಹಲ್ಲು ಸರಿಯಾಯ್ತಾ?" ಅಂದಳು.

ನಿಮ್ಮ ತಪ್ಪಿನ ಬಗ್ಗೆ ಬರೆದಿರಿ. ಮೂರನೆಯ ಹೀಟಿನಲ್ಲಿ ಸಾಸಿವೆ ಇಳಿದದ್ದು ಯಾರ ಬೆರಳಿನಿಂದ, ಅದನ್ನೂ ಲೆಕ್ಕ ಹಾಕಿ. ಆದರೆ ಸರ್, ಕಣ್ಣನ್ನು ಮುಂದೂಡಬೇಡಿ. ನಾನು ಇಕಾಮಾ ಮುಚ್ಚಿಟ್ಟೆ, ನೀವು ಪೊರೆ ಮುಚ್ಚಿಟ್ಟಿರಿ. ಇಬ್ಬರನ್ನೂ ಬಿಡಿಸಲು ಬೀವಿ ಎರಡು ದಿನ ಅರೆಯಬೇಕಾಯಿತು.

ಮೂರನೆಯ ಹೀಟಿನ ಕಲ್ಲು ಕಳಿಸುತ್ತಿದ್ದೇನೆ. ಈ ಸಲ ಕೆಂಪು ಬಟ್ಟೆ. ನೀವೇ ನೋಡುವವರೆಗೆ ಒಡೆಯಬೇಡಿ.

ಸದಾನಂದ

—

ಮಂಗಳೂರು
11 ಜನವರಿ 2026

ಪ್ರಿಯ ಸದಾ,

ಈ ಅಕ್ಷರ ನನ್ನದು. ಕಾಗುಣಿತ ತಪ್ಪಿದ್ದರೆ ಅದೂ ನನ್ನದು.

ಎರಡು ಕಣ್ಣಿನದ್ದೂ ಆಯಿತು. ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಕಾರ್ಮೆಲ್. "ನಿನಗೆ ಯಾವಾಗ ಇಷ್ಟು ನರೆ ಬಂತು?" ಎಂದು ಕೇಳಿದೆ. ಆಪರೇಷನ್ನು ಅಗತ್ಯವಿತ್ತಾ ಎಂದು ಅವಳು ಈಗಲೂ ಯೋಚಿಸುತ್ತಿದ್ದಾಳೆ.

ಮರಿಯಮ್ ಬೀವಿ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. ಸುರ್ಮಾದ ಕಲ್ಲನ್ನು ಕಪಾಟಿನಲ್ಲಿಟ್ಟಿದ್ದಾರಂತೆ, ಅರೆಯುವುದಿಲ್ಲವಂತೆ. ನಿನ್ನ ಕಿಟ್ಟದ ಪುಡಿಯಿಂದ ಮೀನು ಕೊಯ್ಯುವ ಕತ್ತಿ ಉಜ್ಜುತ್ತಾರಂತೆ, ಕನ್ನಡಿಯ ಹಾಗೆ ಹೊಳೆಯುತ್ತದಂತೆ. "ಕುವೈತಿನವನಿಗೆ ಹೇಳಿ, ಇನ್ನೊಂದು ಸೇರು ಕಳಿಸಲಿ. ಸಾಸಿವೆ ತೆಗೆದು ಕಳಿಸಲಿ" ಅಂದರು.

ಅವರು ಹೋದ ಮೇಲೆ ಕೆಂಪು ಗಂಟು ಬಿಚ್ಚಿದೆ. ಸುತ್ತಿಗೆಯಿಂದ ಒಂದೇ ಏಟು. ಅಂಗಳದ ಬಿಸಿಲಿನಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ಕಾರ್ಮೆಲ್ ಊಟಕ್ಕೆ ಕರೆದರೂ ಏಳದೆ, ಮನದಣಿಯೆ ನೋಡಿದೆ. ಕಪ್ಪು, ನುಣುಪು, ಕಾಗೆಯ ರೆಕ್ಕೆಯಂಥ ಹೊಳಪು. ಎಷ್ಟು ಚಂದದ ಕಿಟ್ಟ ಮಾಡಿದ್ದೀ ಮಾರಾಯ!

ಎಡಗಡೆ ಅಂಚಿನಲ್ಲಿ, ಉಗುರಿನಷ್ಟು ಒಳಗೆ, ಒಂದು ಸಾಸಿವೆ ಉಳಿದಿದೆ. ಮುಂದಿನ ಸಲ ಅರ್ಧ ಗಂಟೆಯ ಮೇಲೆ ಐದು ನಿಮಿಷ ಹೆಚ್ಚು ಬಿಡು.

ಮೋರಿಸ್